ಯಂತ್ರದ ಎಚ್ಚರಿಕೆಯೂ ನಮ್ಮ ನುಡಿಯೂ

(ಹೊಸೂರಿನಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಈ ವೇದಿಕೆಯಿಂದ ಸಾಹಿತ್ಯವನ್ನೂ ಶಾಲೆಯನ್ನೂ ಕುರಿತು ಮಾತನಾಡುವುದು ವಾಡಿಕೆ. ಈ ಸಲ ನಾವು ಕಾರ್ಖಾನೆಯ ವಿಚಾರವನ್ನು ಎತ್ತಿಕೊಂಡಿದ್ದೇವೆ. ಅನ್ನದ ಮಾತು ನುಡಿಯ ಮಾತಿಗೆ ಹೊರತಾದುದಲ್ಲವೆಂಬುದೇ ಇದಕ್ಕೆ ಕಾರಣ.

1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್ಕಾಟ್ ಸಂಸ್ಥೆಯು ಇಲ್ಲಿ ಕೈಗಾರಿಕಾ ಪ್ರದೇಶವನ್ನು ತೆರೆಯಿತು. ರಾಗಿಯ ಹೊಲಗಳಿದ್ದ ಸೀಮೆಯಲ್ಲಿ ಲಾರಿ, ಮೋಟಾರ್ ಸೈಕಲ್, ಕೈಗಡಿಯಾರಗಳ ಕಾರ್ಖಾನೆಗಳು ಎದ್ದುವು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ವರ್ಕ್‌ಷಾಪುಗಳು ಅವುಗಳ ಆಸರೆಯಲ್ಲಿ ಬೆಳೆದುವು. ನಮ್ಮವರನೇಕರ ಬಾಳು ನಡೆಯುತ್ತಿರುವುದು ಈ ಸಣ್ಣ ವರ್ಕ್‌ಷಾಪುಗಳಿಂದಲೇ.

ಈಗ ಕಾಲ ಬದಲಾಗಿದೆ. ಯಂತ್ರದ ಶಾಖ, ಕಂಪನ, ವಿದ್ಯುತ್ತಿನ ಬಳಕೆಗಳನ್ನು ಸೆನ್ಸರುಗಳು ಅಳೆದು ಕಂಪ್ಯೂಟರಿಗೆ ಒಪ್ಪಿಸುತ್ತವೆ. ಬೇರಿಂಗು ಸವೆಯತೊಡಗಿದುದನ್ನು ಅದು ಮುರಿಯುವ ಮುನ್ನವೇ ಅರಿಯಬಹುದು. ಯಾವ ಭಾಗ ಯಾವ ಯಂತ್ರದಲ್ಲಿ, ಯಾವ ಗಳಿಗೆಯಲ್ಲಿ ತಯಾರಾಯಿತೆಂಬ ದಾಖಲೆಯೂ ಉಳಿಯುತ್ತದೆ. ಕೊಳ್ಳುವವರು ಇಂಥ ದಾಖಲೆಯನ್ನು ಕೇಳಿದಾಗ ಅದನ್ನು ಕೊಡಲಾರದ ವರ್ಕ್‌ಷಾಪು ಆರ್ಡರನ್ನೇ ಕಳೆದುಕೊಳ್ಳಬೇಕಾದೀತು.

ಸಣ್ಣವರು ತಾವಾಗಿಯೇ ಈ ಹೊರೆಯನ್ನು ಹೊರಲಾರರೆಂದು ಸರ್ಕಾರಗಳು ಮನಗಂಡಿವೆ. ಜರ್ಮನಿಯು 2011ರ ಹ್ಯಾನೋವರ್ ಮೇಳದಲ್ಲಿ ಇದನ್ನು ನಾಲ್ಕನೆಯ ಕೈಗಾರಿಕಾ ಕ್ರಾಂತಿಯೆಂದು ಸಾರಿ, ಮುಂದೆ ಸಣ್ಣ ಉದ್ಯಮಗಳಿಗೆ ಸಲಹೆ ನೀಡುವ ಕೇಂದ್ರಗಳನ್ನು ತೆರೆಯಿತು. ನಮ್ಮ ಕೇಂದ್ರ ಸರ್ಕಾರವು ಯಂತ್ರೋಪಕರಣ ಉದ್ಯಮಕ್ಕಾಗಿ 2014ರಲ್ಲಿ ಒಂದು ಯೋಜನೆಯನ್ನು ಹೊರಡಿಸಿ, 2022ರಲ್ಲಿ ಅದರ ಎರಡನೆಯ ಹಂತಕ್ಕೆ 1,207 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಅದರಲ್ಲಿ 975 ಕೋಟಿ ಸರ್ಕಾರದ್ದು. ಈ ಯೋಜನೆಯಡಿ ‘ಸಮರ್ಥ್ ಉದ್ಯೋಗ್’ ಎಂಬ ಹೆಸರಿನಲ್ಲಿ ನಾಲ್ಕು ಕೇಂದ್ರಗಳು ಹುಟ್ಟಿದುವು. ಒಂದು ಪುಣೆಯಲ್ಲಿ, ಒಂದು ದೆಹಲಿಯಲ್ಲಿ. ಉಳಿದೆರಡು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ 1962ರಲ್ಲಿ ಸ್ಥಾಪಿತವಾದ ಸಿಎಂಟಿಐಯಲ್ಲಿಯೂ. ಅವು ನಮ್ಮಿಂದ ಸುಮಾರು 40 ಕಿಲೋಮೀಟರ್ ದೂರದ ನಗರದಲ್ಲಿವೆ.

ಸಣ್ಣ ಉದ್ಯಮಗಳಿಗೆಂದು 2023ರಲ್ಲಿ ಹೊಸದಾಗಿ ಬಂದ ‘ಲೀನ್’ ಯೋಜನೆಯಲ್ಲಿ ಅನುಷ್ಠಾನದ ವೆಚ್ಚದ ಶೇಕಡಾ 90 ಭಾಗವನ್ನು ಸರ್ಕಾರವೇ ಭರಿಸುವ ಏರ್ಪಾಡಿದೆ. ಇದು ಪೋಲನ್ನು ತಗ್ಗಿಸಿ ಕೆಲಸವನ್ನು ಓರಣಗೊಳಿಸುವ ಯೋಜನೆ. ಇದನ್ನೇ ಮೊದಲ ಮೆಟ್ಟಿಲೆಂದು ನಾವು ಬಗೆಯುತ್ತೇವೆ. ಅಸ್ತವ್ಯಸ್ತವಾದ ಕೆಲಸಕ್ಕೆ ಕಂಪ್ಯೂಟರನ್ನು ಕೂಡಿಸಿದರೆ ಅಸ್ತವ್ಯಸ್ತತೆಯೇ ದಾಖಲಾದೀತು.

ಆದರೆ ಹಣವೊಂದರಿಂದಲೇ ಕಾರ್ಯ ಕೈಗೂಡದು. ಪರಿಚಿತರೊಬ್ಬರ ವರ್ಕ್‌ಷಾಪಿನಲ್ಲಿ ನಾವು ಕಂಡುದನ್ನು ಹೇಳುತ್ತೇವೆ. ಹೊಸ ಯಂತ್ರದ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಮೂಡಿತು. ಇಪ್ಪತ್ತು ವರ್ಷ ಲೇತಿನ ಮುಂದೆ ನಿಂತು ಪಳಗಿದ ಕೆಲಸಗಾರರು ಅದನ್ನು ಓದಲಾರದೆ ಗುಂಡಿಯೊತ್ತಿ ಅಳಿಸಿದರು. ಮೂರನೆಯ ಸಲ ಟೂಲು ಮುರಿಯಿತು. “ಶಬ್ದ ಬೇರೆಯಾಗಿತ್ತು ಸಾರ್, ನನಗೆ ಗೊತ್ತಾಗಿತ್ತು. ಹೊಸ ಮಿಷಿನ್ನು, ಅದು ಹೀಗೇ ಇರಬಹುದು ಅಂದುಕೊಂಡೆ” ಎಂದು ಅವರು ನೊಂದು ನುಡಿದರು. ಯಂತ್ರದ ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ಅವರ ಕಿವಿಯ ಅರಿವು ಯಂತ್ರದ ದಾಖಲೆಗೆ ಸೇರಲಿಲ್ಲ. ನಡುವೆ ಇಲ್ಲದೆ ಹೋದುದು ನುಡಿ.

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಯಂತ್ರಗಳ ಎಚ್ಚರಿಕೆಯ ಮಾತುಗಳನ್ನು ಕನ್ನಡ, ತಮಿಳು, ತೆಲುಗುಗಳಲ್ಲಿ ಬರೆಯಿಸಿ ಪ್ರತಿ ವರ್ಕ್‌ಷಾಪಿನಲ್ಲಿಯೂ ತೂಗುಹಾಕಿಸೋಣ. ಒಂದೇ ಯಂತ್ರದ ಮುಂದೆ ಮೂರು ನುಡಿಯವರೂ ದುಡಿಯುವ ಊರು ಇದು. ವರ್ಕ್‌ಷಾಪಿನ ಮಾಲೀಕರನ್ನೂ ಕೆಲಸಗಾರರನ್ನೂ ಕೂಡಿಸಿ ಬೆಂಗಳೂರಿನ ಕೇಂದ್ರಗಳನ್ನು ನೋಡಿಬರುವ ಏರ್ಪಾಡು ಮಾಡೋಣ. ನೆರವಿನ ಅರ್ಜಿಯೂ ತರಬೇತಿಯೂ ಗಡಿನಾಡಿನ ಎಲ್ಲ ನುಡಿಗಳಲ್ಲಿ ದೊರೆಯಲೆಂದು ಸರ್ಕಾರಕ್ಕೆ ಮನವಿ ಸಲ್ಲಿಸೋಣ.

ಕನ್ನಡವು ಹಬ್ಬದ ದಿನದ ನುಡಿಯಾಗಿ ಮಾತ್ರ ಉಳಿಯದೆ ದುಡಿಮೆಯ ದಿನದ ನುಡಿಯೂ ಆಗಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.