ಹೊದಿಕೆಯಿಲ್ಲದ ಯಂತ್ರ

ವಿಮಾನ, ಹಡಗು, ರೈಲು ಎಂಜಿನ್‌ಗಳ ಪುಟ್ಟ ಮಾದರಿ ಕಟ್ಟುವ ಹವ್ಯಾಸಿಗಳನ್ನು ನೀವು ನೋಡಿರಬಹುದು. ಅವರ ಮನೆಯಲ್ಲಿ ಊಟದ ಮೇಜು ಊಟಕ್ಕೆ ಸಿಗುವುದು ಅಪರೂಪ. ಅವರಲ್ಲಿ ಬಹಳಷ್ಟು ಜನ ಕಟ್ಟುವುದು ಹೊರಮೈಯನ್ನು. ವಿಮಾನವೆಂದರೆ ರೆಕ್ಕೆ, ಬಾಲ, ಒಡಲು. ಒಡಲೊಳಗೆ ಏನಿದೆ ಎಂದು ಯಾರೂ ಇಣುಕುವುದಿಲ್ಲ. ಬಣ್ಣ ಒಣಗಿದರೆ ಕೆಲಸ ಮುಗಿದಂತೆ. ಆದರೆ ಹೊರಮೈಯೇ ಇಲ್ಲದ ಹಾರುಯಂತ್ರವೊಂದನ್ನು ಯಾರಾದರೂ ಆರಿಸಿಕೊಂಡರೆ?

ಅಂಥದ್ದೊಂದು ಇತ್ತು. ಚಂದ್ರನ ಮೇಲೆ ಇಳಿಯುವುದು ಹೇಗೆಂದು ಭೂಮಿಯಲ್ಲೇ ತಿಳಿಯಲು ನಾಸಾ ಕಟ್ಟಿಸಿದ ಯಂತ್ರ ಅದು. ಲೂನಾರ್ ಲ್ಯಾಂಡಿಂಗ್ ರಿಸರ್ಚ್ ವೆಹಿಕಲ್, ಚುಟುಕಾಗಿ ಎಲ್‌ಎಲ್‌ಆರ್‌ವಿ. ನ್ಯೂಯಾರ್ಕ್ ರಾಜ್ಯದ ಬೆಲ್ ಏರೋಸಿಸ್ಟಮ್ಸ್ ಕಂಪನಿ ಎರಡನ್ನು ತಯಾರಿಸಿತು. 1964ರಲ್ಲಿ ಅವು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಗೆ ಬಂದವು. ಅಲ್ಯೂಮಿನಿಯಂ ಕೊಳವೆಗಳ ನಾಲ್ಕು ಕಾಲಿನ ಚೌಕಟ್ಟು, ನಟ್ಟನಡುವೆ ನೆಟ್ಟಗೆ ನಿಲ್ಲಿಸಿದ ಜೆಟ್ ಎಂಜಿನ್, ಮುಂದುಗಡೆ ಪೈಲಟ್‌ಗೊಂದು ಕುರ್ಚಿ, ಅಲ್ಲಲ್ಲಿ ಗುಂಡನೆಯ ತೊಟ್ಟಿಗಳು, ಎಲ್ಲೆಲ್ಲೂ ತಂತಿ. ಜನ ಅದನ್ನು ಹಾರುವ ಮಂಚ ಎಂದು ಕರೆದರು. ಮಂಚದ ಮೇಲಾದರೆ ಹಾಸಿಗೆಯಾದರೂ ಇರುತ್ತದೆ ಅನ್ನಿ.

ಇಷ್ಟೆಲ್ಲ ಯಾಕೆ ಬೇಕಿತ್ತು? ಚಂದ್ರನ ಸೆಳೆತ ಭೂಮಿಯದರ ಆರನೇ ಒಂದು ಪಾಲು. ಅಲ್ಲಿ ತೇಲಿ ನಿಲ್ಲಲು ಸಣ್ಣ ಒತ್ತು ಸಾಕು. ತೊಂದರೆ ಇರುವುದು ಅಕ್ಕಪಕ್ಕಕ್ಕೆ ಸರಿಯುವಾಗ. ಹೆಲಿಕಾಪ್ಟರನ್ನು ಇಲ್ಲಿ ತುಸು ವಾಲಿಸಿದರೆ ಸರಕ್ಕನೆ ಆ ಕಡೆ ಸರಿಯುತ್ತದೆ. ಚಂದ್ರನಲ್ಲಿ ನೌಕೆಯನ್ನು ಅಷ್ಟೇ ವಾಲಿಸಿದರೆ ವೇಗ ಏರುವುದು ಆರನೇ ಒಂದು ಪಾಲು ಮಾತ್ರ. ಬೇಗ ಸರಿಯಬೇಕೆಂದರೆ ಇನ್ನೂ ತುಂಬ ವಾಲಿಸಬೇಕು, ನಿಲ್ಲಬೇಕೆಂದರೆ ಅಷ್ಟೇ ತುಂಬ ಹಿಂದಕ್ಕೆ ವಾಲಿಸಬೇಕು. ಹೆಲಿಕಾಪ್ಟರ್ ಹಾರಿಸಿ ಪಳಗಿದ ಕೈಗೆ ಇದು ಅಭ್ಯಾಸವಿಲ್ಲ. ಇಂಧನ ನಿಮಿಷಗಳ ಲೆಕ್ಕದಲ್ಲಿರುವಾಗ ಅಲ್ಲಿಗೆ ಹೋಗಿ ಕಲಿಯುತ್ತೇನೆ ಎನ್ನುವ ಹಾಗೂ ಇಲ್ಲ.

ಚಂದ್ರನನ್ನು ಭೂಮಿಗೆ ತರುವ ಪಾಡು ನಮ್ಮವರಿಗೂ ತಪ್ಪಿಲ್ಲ. ಚಂದ್ರಯಾನದ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ಚಳ್ಳಕೆರೆಯ ಬಳಿ ಉಳ್ಳಾರ್ತಿಯಲ್ಲಿ ನೆಲ ಅಗೆಸಿ ಕುಳಿಗಳನ್ನು ಮಾಡಿಸಿತ್ತು. ಅಲ್ಲಿ ಬೇಕಾಗಿದ್ದದ್ದು ಚಂದ್ರನ ಮುಖ. ಎಡ್ವರ್ಡ್ಸ್‌ನವರಿಗೆ ಬೇಕಾಗಿದ್ದದ್ದು ಚಂದ್ರನ ಸೆಳೆತ.

ಅದಕ್ಕೆ ಅವರು ಕಂಡುಕೊಂಡ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ನಡುವಿನ ಜೆಟ್ ಎಂಜಿನ್ ಯಂತ್ರದ ತೂಕದಲ್ಲಿ ಆರರಲ್ಲಿ ಐದು ಪಾಲನ್ನು ಸದಾ ಹೊತ್ತಿರುತ್ತದೆ. ಉಳಿದ ಒಂದು ಪಾಲು ಮಾತ್ರ ಪೈಲಟ್‌ನದು, ಅದನ್ನು ಅವನು ಪುಟ್ಟ ರಾಕೆಟ್‌ಗಳಿಂದ ಸಂಭಾಳಿಸಬೇಕು. ಇಂಧನ ಉರಿದು ಯಂತ್ರ ಹಗುರಾದಂತೆಲ್ಲ ಜೆಟ್ ಕೂಡ ತನ್ನ ಒತ್ತನ್ನು ತಾನೇ ಇಳಿಸಿಕೊಳ್ಳುತ್ತದೆ. ಚೌಕಟ್ಟು ಎತ್ತ ವಾಲಿದರೂ ಎಂಜಿನ್ ವಾಲುವಂತಿಲ್ಲ, ವಾಲಿದರೆ ಸೆಳೆತದ ಲೆಕ್ಕವೇ ಕೆಡುತ್ತದೆ. ಹಾಗಾಗಿ ಅದನ್ನು ಗಿಂಬಲ್‌ನಲ್ಲಿ, ಅಂದರೆ ಎರಡು ದಿಕ್ಕಿಗೂ ತಿರುಗುವ ಬಳೆಯಂಥ ಚೌಕಟ್ಟಿನಲ್ಲಿ ಕೂರಿಸಿದರು. ಹಾರುವಾಗ ಎದುರಾಗುವ ಗಾಳಿಯ ತಡೆ ಚಂದ್ರನಲ್ಲಿಲ್ಲವಲ್ಲ, ಅದನ್ನು ಸರಿದೂಗಿಸುವಷ್ಟು ಮಾತ್ರ ಎಂಜಿನ್ ಓರೆಯಾಗಬಹುದು.

ಈಗ ಮಾದರಿ ಕಟ್ಟುವವರ ಮೇಜಿಗೆ ಬರೋಣ. 48ರಲ್ಲಿ ಒಂದರ ಅಳತೆ ಎಂದುಕೊಳ್ಳಿ. ಅಸಲಿಯ ಒಂದಂಗುಲದ ಕೊಳವೆ ಇಲ್ಲಿ ಅರ್ಧ ಮಿಲಿಮೀಟರ್. ಸುಮಾರು 1,700 ಕಿಲೋ ತೂಗುತ್ತಿದ್ದ ಯಂತ್ರ ಎಲ್ಲ ದಿಕ್ಕಿನಲ್ಲೂ ಅಷ್ಟೇ ಕುಗ್ಗಿದರೆ ತೂಕ 15 ಗ್ರಾಂ. ಪ್ಲಾಸ್ಟಿಕ್ ಕಡ್ಡಿಯಲ್ಲಿ ಕಟ್ಟಿದರೆ ಕಾಲುಗಳು ಬಾಗುತ್ತವೆ, ಹಿತ್ತಾಳೆ ತಂತಿಯೇ ಆಗಬೇಕು. ಹಲಗೆಗೆ ನಕ್ಷೆ ಅಂಟಿಸಿ, ಗುಂಡುಸೂಜಿ ಚುಚ್ಚಿ, ತಂತಿಗಳನ್ನು ಅವುಗಳ ನಡುವೆ ಸಿಕ್ಕಿಸಿ ಬೆಸುಗೆ ಹಾಕಬೇಕು. ಒಂದು ಕೀಲಿಗೆ ಕಾವು ಕೊಟ್ಟರೆ ಪಕ್ಕದ ಕೀಲು ಕರಗಿ ಬಿಟ್ಟುಕೊಳ್ಳುತ್ತದೆ. ಆ ಪಕ್ಕದ್ದಕ್ಕೆ ಒದ್ದೆ ಹತ್ತಿ ಸುತ್ತಿ ತಣ್ಣಗಿಡುವುದು ಹಳಬರ ಉಪಾಯ. ಗುಂಡು ತೊಟ್ಟಿಗಳಿಗೆ ಸರದ ಮಣಿ ಸಾಕು, ಅದು ಸುಲಭ.

ತಂತಿಗಳು ಹಾಗಲ್ಲ. ಫೋಟೋ ನೋಡಿದರೆ ಯಾರೋ ಅವಸರದಲ್ಲಿ ಸುತ್ತಿಟ್ಟ ಗೋಜಲಿನಂತೆ ಕಾಣುತ್ತದೆ, ಒಂದೆರಡು ಬಿಟ್ಟರೇನಂತೆ ಅನ್ನಿಸುತ್ತದೆ. ಆದರೆ ಈ ಯಂತ್ರದಲ್ಲಿ ಪೈಲಟ್‌ನ ಹಿಡಿಕೆಗೂ ರಾಕೆಟ್‌ಗಳಿಗೂ ನಡುವೆ ಸಲಾಕೆಯಾಗಲಿ ಎಳೆಯುವ ಸರಿಗೆಯಾಗಲಿ ಇರಲಿಲ್ಲ. ಕೈ ಆಡಿಸಿದ್ದು ವಿದ್ಯುತ್ ಸಂಕೇತವಾಗಿ ಹೋಗುತ್ತಿತ್ತು. ಇವತ್ತಿನ ಪ್ರಯಾಣಿಕ ವಿಮಾನಗಳಲ್ಲಿ ಸಾಮಾನ್ಯವಾಗಿರುವ ಏರ್ಪಾಡನ್ನು ಅಂದು ಈ ಚೌಕಟ್ಟು ನಂಬಿಕೊಂಡು ಹಾರಿತ್ತು. ಆದ್ದರಿಂದ ಅಲ್ಲಿ ತಂತಿಯೇ ನರ.

ಹೊಗೆಯ ಮಸಿಯ ವಿಷಯವೂ ಹಾಗೇ. ರಾಕೆಟ್ ಮಾದರಿ ಎಂದೊಡನೆ ಮೂತಿಗೆ ಕಪ್ಪು ಬಳಿಯುವ ಚಪಲ ಎಲ್ಲರಿಗೂ ಇದೆ. ಇಲ್ಲಿನ ಪುಟ್ಟ ರಾಕೆಟ್‌ಗಳು ಉಗುಳುತ್ತಿದ್ದದ್ದು ಮಾತ್ರ ಹಬೆ ಮತ್ತು ಆಮ್ಲಜನಕ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡೇ, ಆದರೆ ಬಲು ಗಾಢವಾದದ್ದು. ಬೆಳ್ಳಿಯ ಜಾಲರಿ ತಾಕಿದರೆ ಸಾಕು, ಒಡೆದು ಬಿಸಿ ಹಬೆಯಾಗಿ ಚಿಮ್ಮುತ್ತದೆ. ಆ ಮೂತಿಗಳಿಗೆ ಮಸಿ ಬಳಿದರೆ ಮಾದರಿ ಚೆನ್ನಾಗಿ ಕಾಣಬಹುದು, ಆದರೆ ಸುಳ್ಳು ಹೇಳುತ್ತದೆ.

ಇನ್ನೊಂದು ತೀರ್ಮಾನವನ್ನು ಮೊದಲೇ ಮಾಡಿಕೊಳ್ಳಬೇಕು: ಯಾವ ದಿನದ ಯಂತ್ರ? 1964ರ ಅಕ್ಟೋಬರ್ 30ರಂದು ಪೈಲಟ್ ಜೋ ವಾಕರ್ ಮೊದಲ ಬಾರಿಗೆ ಹಾರಿಸಿದಾಗಿನದೋ? ಅವತ್ತು ಮೂರು ಸಲ ಏರಿ ಇಳಿದರೂ ಒಟ್ಟು ಒಂದು ನಿಮಿಷ ತುಂಬಲಿಲ್ಲ, ಎತ್ತರ ಮೂರು ಮೀಟರ್. ಅಥವಾ ಹ್ಯೂಸ್ಟನ್‌ನ ಎಲಿಂಗ್ಟನ್ ನೆಲೆಯಲ್ಲಿ 1968ರ ಮೇ 6ರಂದು ಇದ್ದದ್ದೋ? ಅವತ್ತು ನೀಲ್ ಆರ್ಮ್‌ಸ್ಟ್ರಾಂಗ್ ಹಾರಿಸುತ್ತಿದ್ದಾಗ ತೊಟ್ಟಿಗಳ ಹೀಲಿಯಂ ಒತ್ತಡ ಬಿದ್ದುಹೋಗಿ ಯಂತ್ರ ಹಿಡಿತ ತಪ್ಪಿತು. ಸುಮಾರು 60 ಮೀಟರ್ ಎತ್ತರದಲ್ಲಿ ಅವರು ಕುರ್ಚಿಸಮೇತ ಚಿಮ್ಮಿ ಪ್ಯಾರಾಚೂಟ್‌ನಲ್ಲಿ ಇಳಿದರು. ಯಂತ್ರ ನೆಲಕ್ಕಪ್ಪಳಿಸಿ ಉರಿದುಹೋಯಿತು. ಅದೇ ಮೊದಲನೆಯ ಎಲ್‌ಎಲ್‌ಆರ್‌ವಿ. ಅದನ್ನು ಕಟ್ಟುವವರಿಗೆ ಫೋಟೋ ಮತ್ತು ನಕ್ಷೆಗಳೇ ಗತಿ. ಆಮೇಲೆ ತರಬೇತಿಗೆಂದೇ ಇನ್ನೂ ಮೂರನ್ನು ತಯಾರಿಸಿದರು, ಅವುಗಳಲ್ಲಿಯೂ ಎರಡು ಬಿದ್ದವು. ಮೂರೂ ಸಲ ಪೈಲಟ್‌ಗಳು ಬದುಕಿದರು.

ಮಾದರಿಗಾರರಿಗೆ ಸಾಮಾನ್ಯವಾಗಿ ಬೇಕಾಗುವುದು ಆರ್ಮ್‌ಸ್ಟ್ರಾಂಗ್ ಚಿಮ್ಮಿದ ದಿನ. ನಾನಾದರೆ ವಾಕರ್ ಹಾರಿಸಿದ ದಿನವನ್ನೇ ಆರಿಸುತ್ತೇನೆ. ಯಂತ್ರ ಇನ್ನೂ ಪ್ರಶ್ನೆಯಾಗಿಯೇ ಇದ್ದ ಬೆಳಿಗ್ಗೆ ಅದು. ಇಂಥದ್ದು ಹಾರುತ್ತದೋ ಇಲ್ಲವೋ ಎಂಬುದಕ್ಕೆ ನಿಮಿಷವೂ ತುಂಬದ ಆ ನೆಗೆತಗಳೇ ಉತ್ತರ ಹೇಳಬೇಕಿತ್ತು.

ಅಷ್ಟೊಂದು ಅಪಾಯವಿದ್ದರೂ ನಾಸಾ ಇದನ್ನು ಕೈಬಿಡಲಿಲ್ಲ, ಬಿಡಲು ಗಗನಯಾತ್ರಿಗಳೇ ಒಪ್ಪಲಿಲ್ಲ. 1969ರ ಜೂನ್‌ನಲ್ಲಿ ಆರ್ಮ್‌ಸ್ಟ್ರಾಂಗ್ ತರಬೇತಿ ಯಂತ್ರವನ್ನು ಮತ್ತೆ ಹಾರಿಸಿದರು. ಜುಲೈ 20ರಂದು ಚಂದ್ರನ ಮೇಲೆ ಈಗಲ್ ನೌಕೆ ಬಂಡೆಗಳ ನಡುವೆ ಇಳಿಯಲು ಹೊರಟಾಗ ಅದನ್ನು ಕೈಗೆ ತೆಗೆದುಕೊಂಡು ಮುಂದಕ್ಕೆ ಸಾಗಿಸಿ ಸಮನೆಲದಲ್ಲಿ ಇಳಿಸಿದವರು ಅವರೇ.

ಈಗಲ್‌ನ ಮಾದರಿ ಅದೇ 48ರಲ್ಲಿ ಒಂದರ ಅಳತೆಯಲ್ಲಿ ಪೆಟ್ಟಿಗೆಯಲ್ಲೇ ಸಿಗುತ್ತದೆ. ಕಟ್ಟಿ ಮುಗಿಸಿದ ಮಂಚವನ್ನು ಅದರ ಪಕ್ಕದಲ್ಲಿಡಬೇಕು ಎಂಬುದು ನನ್ನ ಆಸೆ. ಒಂದು ಹೊಳೆಯುವ ಹಾಳೆ ಸುತ್ತಿಕೊಂಡ ದಪ್ಪ ನೌಕೆ, ಇನ್ನೊಂದು ಅದರ ಅರ್ಧ ಎತ್ತರವೂ ಇಲ್ಲದ ಕಡ್ಡಿಗಳ ಗೂಡು. ಎತ್ತಿಂದೆತ್ತ ನೋಡಿದರೂ ಹೋಲಿಕೆಯಿಲ್ಲ. ಹಾರುವವನ ಕೈಗೆ ಮಾತ್ರ ಎರಡೂ ಒಂದೇ. ಗಿಂಬಲ್ಲಿಗೆ ಫೆವಿಕ್ವಿಕ್ ಹಾಕಿ ಗಟ್ಟಿ ಮಾಡಬೇಡಿ ಎಂದು ಕಟ್ಟುವವರಿಗೆ ಹೇಳುವುದು ಅದಕ್ಕೇ. ಬಳೆಗಳು ತಿರುಗಲಿ. ಎಂಜಿನ್‌ನ ಕೆಳತುದಿಗೆ ಚೂರು ಸೀಸ ತುಂಬಿದರೆ ಅದು ತಾನಾಗಿ ನೆಟ್ಟಗೆ ನಿಲ್ಲುತ್ತದೆ. ಅಸಲಿಯಲ್ಲಿ ಆ ಕೆಲಸ ಸ್ವಯಂಚಾಲಿತ ನಿಯಂತ್ರಣದ್ದು, ಇಲ್ಲಿ ಸೀಸದ್ದು. ಮಂಚಕ್ಕೂ ಈಗಲ್‌ಗೂ ಏನು ಸಂಬಂಧ ಎಂದು ನೋಡಲು ಬಂದವರು ಕೇಳಿದರೆ, ಚೌಕಟ್ಟನ್ನು ಬೆರಳಿಂದ ಓರೆ ಮಾಡಿ ಎಂಜಿನ್ ಓರೆಯಾಗದಿರುವುದನ್ನು ತೋರಿಸಬಹುದು.