ಜೋಡಿ ಮುರಿದಾಗ

ನಮ್ಮ ಗರಡಿಯ ಪೈಲ್ವಾನನು ಮಟ್ಟಿಗೆ ಇಳಿಯುವುದು ಒಬ್ಬನೇ. ಬೆನ್ನಿಗೆ ಉಸ್ತಾದರಿರಬಹುದು, ಊರಿಗೆ ಊರೇ ಇರಬಹುದು. ಎದುರಾಳಿಯ ಕೈ ಹಿಡಿಯುವಾಗ ಮಾತ್ರ ಅವನೊಬ್ಬನೇ. ಅಮೆರಿಕದ ವೃತ್ತಿ ಕುಸ್ತಿಯಲ್ಲಿ ಬೇರೊಂದು ಪದ್ಧತಿಯೂ ಉಂಟು. ಟ್ಯಾಗ್ ಟೀಮ್ ಎಂದು ಅದರ ಹೆಸರು. ಜೋಡಿ ಕುಸ್ತಿ ಎಂದರೆ ನಮಗೆ ಸಾಕು. ಇಬ್ಬರಿಗೆ ಇಬ್ಬರು. ಒಬ್ಬನು ಅಖಾಡದಲ್ಲಿ ಕಾದುತ್ತಿರುವಾಗ ಅವನ ಜೊತೆಗಾರನು ಹಗ್ಗದಾಚೆ ಮೂಲೆಯಲ್ಲಿ ಕೈಚಾಚಿ ನಿಂತಿರುತ್ತಾನೆ. ಪೆಟ್ಟು ತಿಂದವನು ತೆವಳುತ್ತ ಬಂದು ಆ ಕೈಯನ್ನು ಮುಟ್ಟಿದರೆ ಒಳಗಿನವನು ಹೊರಗೆ, ಹೊರಗಿನವನು ಒಳಗೆ. ಅವನು ಆ ನಾಲ್ಕು ಮಾರು ತೆವಳುವಷ್ಟರಲ್ಲಿ ಜನರೆಲ್ಲ ಎದ್ದು ನಿಂತಿರುತ್ತಾರೆ.

ಈ ಕುಸ್ತಿಯ ಸೋಲುಗೆಲುವು ಮೊದಲೇ ಗೊತ್ತುಮಾಡಿದ್ದು. ನೋಡುವವರಿಗೂ ಅದು ತಿಳಿದ ಸಂಗತಿಯೇ. ಹಾಗಿದ್ದೂ ವರ್ಷಗಟ್ಟಲೆ ಜೊತೆಯಾಗಿದ್ದ ಜೋಡಿಯೊಂದು ಮುರಿದರೆ ಅವರು ಏಕೆ ಅಷ್ಟು ಸಂಕಟಪಡುತ್ತಾರೆ?

ಷಾನ್ ಮೈಕೇಲ್ಸ್ ಮತ್ತು ಮಾರ್ಟಿ ಜೆನೆಟಿ ಎಂಬ ಇಬ್ಬರು ತರುಣರಿದ್ದರು. ಜೋಡಿಯ ಹೆಸರು ‘ರಾಕರ್ಸ್’. ಒಂದೇ ಬಗೆಯ ಉಡುಪು. ಒಬ್ಬನು ಹಾರಿದರೆ ಇನ್ನೊಬ್ಬನೂ ಅದೇ ಕ್ಷಣಕ್ಕೆ ಹಾರಬೇಕು. ಬರಬರುತ್ತ ಇಬ್ಬರಿಗೂ ಮನಸ್ತಾಪ ಬೆಳೆಯಿತು. 1992ರ ಜನವರಿಯಲ್ಲಿ ಟೆಲಿವಿಷನ್ನಿನಲ್ಲಿ, ಕ್ಷೌರದಂಗಡಿಯಂತೆ ಸಿಂಗರಿಸಿದ ರಂಗದ ಮೇಲೆ, ರಾಜಿಯ ಮಾತು ನಡೆಯಿತು. ಅಪ್ಪಿಕೊಂಡರು. ಮರುಗಳಿಗೆಯೇ ಮೈಕೇಲ್ಸನು ಗೆಳೆಯನ ಮುಖಕ್ಕೆ ಒದ್ದು, ಅಂಗಡಿಯ ಗಾಜಿನ ಕಿಟಕಿಯೊಳಗೆ ಅವನ ತಲೆ ತೂರುವಂತೆ ಎಸೆದನು.

ಮೈಕೇಲ್ಸನು 1996ರಲ್ಲಿ ಸಂಸ್ಥೆಯ ಅತ್ಯುನ್ನತ ಪಟ್ಟವನ್ನೇರಿದನು. ಜೆನೆಟಿಯೂ ಒಮ್ಮೆ, 1993ರ ಮೇ ತಿಂಗಳಲ್ಲಿ, ಇದೇ ಹಳೆಯ ಗೆಳೆಯನಿಂದ ಎರಡನೆಯ ದರ್ಜೆಯ ಪಟ್ಟವೊಂದನ್ನು ಗೆದ್ದನು. ಅದು ಅವನ ಬಳಿ ಉಳಿದದ್ದು ಮೂರು ವಾರ. ಅಂದಿನಿಂದ ಯಾವ ಜೋಡಿ ಒಡೆದರೂ ಅಭಿಮಾನಿಗಳು ಕೇಳುವ ಪ್ರಶ್ನೆ ಒಂದೇ: ಇವರಲ್ಲಿ ಜೆನೆಟಿ ಯಾರು? ತಮಾಷೆಯ ಮಾತೆಂದು ತೋರಿದರೂ ಇದರಲ್ಲಿ ಕನಿಕರವಿದೆ. ಒಬ್ಬನನ್ನು ಮೇಲೆತ್ತುವ ಸಲುವಾಗಿಯೇ ಸಂಸ್ಥೆಗಳು ಜೋಡಿಯನ್ನು ಮುರಿಯುವುದುಂಟು. ಉಳಿದವನ ಗತಿಯೇನು? ಸೋಲುಗೆಲುವು ಕಟ್ಟುಕಥೆಯಾದರೂ ಹೊಟ್ಟೆಪಾಡು ಕಟ್ಟುಕಥೆಯಲ್ಲ. ಜನ ಮರುಗುವುದು ಅಲ್ಲಿ ಎಂದು ನನಗೆ ತೋರುತ್ತದೆ.

ಇನ್ನೊಂದು ಜೋಡಿಯ ವಿಷಯ ರೇಡಿಯೋ ಕೇಳುವವರಿಗೆ ಹೆಚ್ಚು ರುಚಿಸೀತು. ಅದರಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ. ಜಾನಿ ಗಾರ್ಗಾನೊ ಮತ್ತು ಟೊಮಾಸೊ ಚಾಂಪ 2015ರಲ್ಲಿ ಜೊತೆಗೂಡಿದರು. 2017ರ ಮೇ 20ರಂದು ಷಿಕಾಗೊ ಬಳಿ ಏಣಿಗಳನ್ನಿಟ್ಟು ನಡೆಸಿದ ಪಂದ್ಯದಲ್ಲಿ ಸೋತರು. ಜನ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಕಾರ್ಯಕ್ರಮ ಮುಗಿಯಿತು ಎನ್ನುವ ಹೊತ್ತಿಗೆ ಚಾಂಪನು ಗೆಳೆಯನ ಮೇಲೆ ಬಿದ್ದು ಬಡಿದನು. ಮುಂದೆ ಮಂಡಿಯ ಗಾಯದಿಂದ ಅವನೇ ತಿಂಗಳುಗಟ್ಟಲೆ ಮರೆಯಾದನು. 2018ರ ಏಪ್ರಿಲ್ 7ರಂದು ನ್ಯೂ ಆರ್ಲಿಯನ್ಸಿನಲ್ಲಿ ಇಬ್ಬರೂ ಎದುರುಬದುರಾದರು.

ಅಲ್ಲಿ ಪ್ರತಿ ಪೈಲ್ವಾನನೂ ತನ್ನದೇ ಸಂಗೀತದೊಡನೆ ಪ್ರವೇಶಿಸುವುದು ವಾಡಿಕೆ. ಯಕ್ಷಗಾನದಲ್ಲಿ ವೇಷಕ್ಕೆ ತಕ್ಕ ಚೆಂಡೆಯ ಪೆಟ್ಟು ಇದ್ದಂತೆ. ಅಂದು ಚಾಂಪನಿಗೆ ಸಂಗೀತವಿರಲಿಲ್ಲ. ಸುಮ್ಮನೆ ನಡೆದು ಬಂದನು. ಸಾವಿರಾರು ಕಂಠಗಳ ಧಿಕ್ಕಾರವೇ ಅವನ ಹಿಮ್ಮೇಳವಾಯಿತು. ಸಂಗೀತವನ್ನು ನಿಲ್ಲಿಸಿದವರು ಸಂಸ್ಥೆಯವರೇ, ನಿಜ. ಆದರೆ ಆ ಮೌನವನ್ನು ತುಂಬಲು ಜನರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ತಿಂಗಳ ಸಿಟ್ಟನ್ನು ಅವರು ಮನೆಯಿಂದಲೇ ತಂದಿದ್ದರು. ಗಾರ್ಗಾನೊ ಗೆದ್ದಾಗ ಅವರ ಆನಂದಕ್ಕೆ ಪಾರವಿಲ್ಲ.

ಅವರು ಬಯಸಿದ್ದು ಸೇಡೊಂದನ್ನೇ ಅಲ್ಲವೆಂದು ಕಾಣುತ್ತದೆ. ಕೆಲವು ವರ್ಷಗಳ ಬಳಿಕ ಇಬ್ಬರೂ ಮತ್ತೆ ಒಂದಾದರು. 2024ರ ಜುಲೈಯಲ್ಲಿ ಜೋಡಿಪಟ್ಟವನ್ನು ಗೆದ್ದಾಗ ಅಪ್ಪಿಕೊಂಡು ನಿಂತರು. ಈ ಸಲ ಯಾರೂ ಯಾರನ್ನೂ ಒದೆಯಲಿಲ್ಲ.