ಮೊಗ್ಗಿನ ಜಡೆಯ ಗಂಡುಮಗು



ಕಳೆದ ತಿಂಗಳು ಇದೇ ವೇದಿಕೆಯಲ್ಲಿ ಮಾತಾಡಿದ ಗೆಳೆಯರು ಮಕ್ಕಳು ಗಂಡು-ಹೆಣ್ಣಿನ ಭೇದ ಕಲಿಯುವ ತಪ್ಪನ್ನೆಲ್ಲ ಪಠ್ಯಪುಸ್ತಕದ ಚಿತ್ರಗಳ ತಲೆಗೆ ಕಟ್ಟಿದರು. ಅಮ್ಮ ಒಲೆ ಮುಂದೆ, ಅಪ್ಪ ಪೇಪರು ಹಿಡಿದು ಕುರ್ಚಿಯಲ್ಲಿ. ಚಿತ್ರ ಬದಲಿಸಿದರೆ ಮಕ್ಕಳೂ ಬದಲಾಗುತ್ತಾರೆ ಅಂದರು. 2024ರಲ್ಲಿ ಕೇರಳದವರು ಮೂರನೇ ತರಗತಿಯ ಪುಸ್ತಕದಲ್ಲಿ ಅಪ್ಪ ತೆಂಗಿನಕಾಯಿ ತುರಿಯುವ ಚಿತ್ರ ಹಾಕಿದ್ದನ್ನು ನೆನಪಿಸಿದರು. ಒಳ್ಳೆಯ ಚಿತ್ರವೇ. ಆದರೆ ಮಗು ಕೈಕಟ್ಟಿ ಕೂತು, ದೊಡ್ಡವರು ತೋರಿಸಿದ್ದನ್ನಷ್ಟೇ ಕಲಿಯುತ್ತದೆ ಅಂತ ನಂಬಿದ್ದೀರಲ್ಲ, ಅಲ್ಲಿದೆ ನನ್ನ ತಕರಾರು.

ಮನೋವಿಜ್ಞಾನಿ ಬಂಡೂರ ಅವರು ಮಕ್ಕಳು ನೋಡಿ ಕಲಿಯುತ್ತವೆ ಅಂದರು. 1966ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಕೋಲ್‌ಬರ್ಗ್, ಮಗು ಮೊದಲು ‘ನಾನು ಹುಡುಗ’ ಅಂತ ತೀರ್ಮಾನಿಸಿಕೊಂಡು ಆಮೇಲೆ ಹುಡುಗರ ರೀತಿ ಯಾವುದು ಅಂತ ತಾನೇ ಹುಡುಕಿಕೊಂಡು ಹೋಗುತ್ತದೆ ಅಂದರು. ಬಿ.ಎಡ್. ಮಾಡಿದವರಿಗೆಲ್ಲ ಇದು ಬಾಯಿಪಾಠ.

ಬಾಯಿಪಾಠಕ್ಕೆ ನಮ್ಮ ಬಿ.ಎಡ್. ಮೇಷ್ಟ್ರು ಮಾತ್ರ ಬಗ್ಗುತ್ತಿರಲಿಲ್ಲ. ಪಂಚೆಯ ಮೇಲೆ ಕರಿ ಕೋಟು, ಜೇಬಿನಲ್ಲಿ ನಶ್ಯದ ಡಬ್ಬಿ. ಪಾಠದ ನಡುವೆ ಸೀನು ಬಂದರೆ ಇಡೀ ತರಗತಿ ಕಾಯಬೇಕು. ‘ಪುಸ್ತಕ ಮುಚ್ಚಿ ಅಂಗನವಾಡಿಗೆ ಹೋಗ್ರಯ್ಯ, ಮೂಲೇಲಿ ಕೂತ್ಕೊಂಡು ಕಿವಿ ಮಾತ್ರ ತೆರೆದಿಟ್ಕೊಳ್ಳಿ’ ಅಂತ ಅಟ್ಟುತ್ತಿದ್ದರು. ಹೋದೆ. ಮಕ್ಕಳು ಅಡುಗೆಯಾಟ ಆಡುತ್ತಿದ್ದರು. ಹುಡುಗನೊಬ್ಬ ಸೌಟಿಗೆ ಕೈ ಹಾಕಿದ. ನಾಲ್ಕು ವರ್ಷದ ಹುಡುಗಿ ಅದನ್ನು ಕಿತ್ತುಕೊಂಡು, ‘ಗಂಡಸ್ರು ಅಡುಗೆ ಮಾಡಲ್ಲ ಕಣೋ, ನೀನು ಕೆಲ್ಸಕ್ಕೆ ಹೋಗು’ ಅಂದಳು. ಆಮೇಲೆ ವಿಚಾರಿಸಿದರೆ, ಅವಳಪ್ಪ ಹೋಟೆಲಿನಲ್ಲಿ ಅಡುಗೆ ಭಟ್ಟ! ಮನೆಯಲ್ಲಿ ಕಣ್ಣೆದುರೇ ಇದ್ದ ಅಪ್ಪನನ್ನು ಬದಿಗಿಟ್ಟು ಆ ಮಗು ಊರಿನ ಕಾನೂನು ಎತ್ತಿಹಿಡಿದಿತ್ತು. ಮೇಷ್ಟ್ರಿಗೆ ಹೇಳಿದೆ. ‘ಈಗ ಬರಿ ಉತ್ತರ’ ಅಂದರು.

ಅಮೆರಿಕದ ಮನೋವಿಜ್ಞಾನಿ ಸ್ಯಾಂಡ್ರಾ ಬೆಮ್ ತಮ್ಮ ಮಗ ಜೆರೆಮಿಯ ಪ್ರಸಂಗವೊಂದನ್ನು ಬರೆದಿದ್ದಾರೆ. ಆಕೆ ಮಕ್ಕಳ ಪುಸ್ತಕದ ಚಿತ್ರಗಳನ್ನು ತಾವೇ ತಿದ್ದಿ ಲಾರಿ ಡ್ರೈವರನನ್ನು ಹೆಂಗಸು ಮಾಡಿದವರು, ನಮ್ಮ ಗೆಳೆಯರಿಗಿಂತ ಮುಂದೆ ಹೋದವರು. ಜೆರೆಮಿ ತಾನೇ ಇಷ್ಟಪಟ್ಟು ತಲೆಗೆ ಕ್ಲಿಪ್ಪು ಹಾಕಿಕೊಂಡು ನರ್ಸರಿಗೆ ಹೋದ. ಇನ್ನೊಬ್ಬ ಹುಡುಗ, ‘ನೀನು ಹುಡುಗಿ, ಕ್ಲಿಪ್ಪು ಹಾಕಿದ್ದೀಯ’ ಅಂತ ಹಟ ಹಿಡಿದ. ವಾದ ಮಾಡಿ ಸೋತ ಜೆರೆಮಿ ಕೊನೆಗೆ ಚಡ್ಡಿ ಜಾರಿಸಿ ಪುರಾವೆಯನ್ನೇ ತೋರಿಸಿದ. ಎದುರಿನವನು ಜಗ್ಗಲಿಲ್ಲ. ಅದು ಎಲ್ಲರಿಗೂ ಇರುತ್ತದೆ, ಕ್ಲಿಪ್ಪು ಹುಡುಗಿಯರಿಗೆ ಮಾತ್ರ ಅಂದನಂತೆ!

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಳೇ ಮೈಸೂರಿನ ಪಡಸಾಲೆಗಳು. ಚೌಲಕ್ಕೆ ಮೊದಲು ಗಂಡುಮಗುವಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಜಡೆ ಕಾಣಲೆಂದು ಹಿಂದೆ ಕನ್ನಡಿ ನಿಲ್ಲಿಸಿ ತೆಗೆಸಿದ ಫೋಟೋ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇದ್ದೀತು. ಅಂಥ ಫೋಟೋದ ಒಡೆಯರನ್ನು ನಾನು ಹಲವು ವರ್ಷ ಹಿಡಿದು ಹಿಡಿದು ಕೇಳಿದ್ದೇನೆ. ಉತ್ತರ ಬಹುಪಾಲು ಒಂದೇ. ಸ್ಕೂಲಿಗೆ ಸೇರಿದ ಮೇಲೆ ಗೆಳೆಯರು ಕಂಡು ನಕ್ಕರು, ಅಂದಿನಿಂದ ಅದನ್ನು ಬಚ್ಚಿಡತೊಡಗಿದೆವು. ಇನ್ನು ಚಿಕ್ಕಂದಿನಲ್ಲಿ ಅಣ್ಣನ ಚಡ್ಡಿ-ಶರಟು ತೊಟ್ಟು ಫೋಟೋ ತೆಗೆಸಿಕೊಂಡ ಹೆಂಗಸರು? ಒಬ್ಬರೂ ಬಚ್ಚಿಟ್ಟಿಲ್ಲ. ಆಲ್ಬಂ ತೆಗೆದು ತಾವಾಗಿ ತೋರಿಸುತ್ತಾರೆ.

ಈ ಸಣ್ಣ ಸಂಗತಿಗೆ ನಾನು ಜೋತುಬಿದ್ದಿದ್ದೇನೆ ಅಂತ ಮನೆಯವರು ನಗುತ್ತಾರೆ, ನಗಲಿ. ಮಗು ಗಂಡು-ಹೆಣ್ಣೆಂಬ ಎರಡು ಗುಂಪು ಕಲಿತು ಸುಮ್ಮನಾಗುವುದಿಲ್ಲ, ಯಾವುದು ಮೇಲು ಅನ್ನುವುದನ್ನೂ ಜೊತೆಗೇ ಕಲಿಯುತ್ತದೆ. ಹುಡುಗಿ ಶರಟು ತೊಟ್ಟರೆ ಬಡ್ತಿ, ಹುಡುಗ ಲಂಗ ತೊಟ್ಟರೆ ಹಿಂಬಡ್ತಿ. ಆ ಬಡ್ತಿಯೂ ತಾತ್ಕಾಲಿಕ. ‘ನಮ್ಮನೆ ಗಂಡುಮಗ ಇವಳು’ ಅಂತ ಮುದ್ದಿಸಿದ ಬಾಯಿಯೇ ಮೈನೆರೆದ ಮೇಲೆ ಗಂಡುಬೀರಿ ಅನ್ನುತ್ತದೆ. ಮಾನವಶಾಸ್ತ್ರಜ್ಞೆ ಲೀಲಾ ದುಬೆ 1988ರ ಲೇಖನದಲ್ಲಿ ಹಿಂದೂ ಹುಡುಗಿಯರ ಬಾಲ್ಯ ಹೀಗೆ ಬಿಗಿಯಾಗುತ್ತ ಹೋಗುವುದನ್ನು ವಿವರವಾಗಿ ಬರೆದಿದ್ದಾರೆ. ಕಂಪನಿ ನಾಟಕಗಳಲ್ಲಿ ಏಣಗಿ ಬಾಳಪ್ಪನವರ ಸ್ತ್ರೀಪಾತ್ರಕ್ಕೆ ಮರುಳಾದ, ನಾಗರತ್ನಮ್ಮನವರ ಸ್ತ್ರೀ ನಾಟಕ ಮಂಡಳಿಯಲ್ಲಿ ಹೆಂಗಸು ಭೀಮನಾದದ್ದನ್ನು ಕಂಡು ಚಪ್ಪಾಳೆ ತಟ್ಟಿದ ನಾಡು ನಮ್ಮದು. ರಂಗದಿಂದ ಮನೆಗೆ ಬರುವಷ್ಟರಲ್ಲಿ ಆ ಔದಾರ್ಯ ಎಲ್ಲಿ ಉದುರಿಹೋಗುತ್ತಿತ್ತೋ!

ಆದರೆ ಮಕ್ಕಳೇ ಮಕ್ಕಳಿಗೆ ಕಾವಲು ಅಂತ ವಾದಿಸುವ ನನಗೂ ಇಲ್ಲೊಂದು ತೊಡಕಿದೆ. ಕಾವಲು ಅವರದ್ದೇ, ಸರಿ; ಯಾರು ಮೇಲು ಅನ್ನುವ ಲೆಕ್ಕ ಅವರಿಗೆ ಎಲ್ಲಿಂದ ಬಂತು? ನಮ್ಮಿಂದಲೇ ಅಂದರೆ, ಗೆಳೆಯರ ಚಿತ್ರದ ವಾದಕ್ಕೇ ಅರ್ಧ ಶರಣಾದಂತಲ್ಲವೇ? ನಾಲ್ಕು ವರ್ಷದ ಮೊಮ್ಮಗ ಬಳೆ ತೊಟ್ಟೇ ಸ್ಕೂಲಿಗೆ ಹೋಗುತ್ತೇನೆ ಅಂದರೆ ಕಳಿಸಬೇಕೇ? ನಗುವವರ ನಡುವೆ ನಮ್ಮ ಸಿದ್ಧಾಂತ ಹೊತ್ತು ನಿಲ್ಲುವ ಕೆಲಸ ಆ ಮಗುವಿಗೇಕೆ? ಬಳೆ ಬಿಚ್ಚಿಸಿದರೆ ನಾನು ಯಾರ ಪಕ್ಷ? ಅಂಗನವಾಡಿ ಕಾರ್ಯಕರ್ತೆಯರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನೀವಾದರೆ ಬಿಚ್ಚಿಸುತ್ತೀರೋ, ಬಿಡುತ್ತೀರೋ?